ರೋಮಿನ ಸಾನ್ ಕ್ಲೆಮೆಂತೆ: ಮೂರು ನೆಲೆಗಳ ಒಂದು ದೇವಾಲಯ

ರೋಮ್ ನಗರದಲ್ಲಿ ಕೊಲೊಸಿಯಮ್ ರಂಗಮಂಡಲದಿಂದ ಲ್ಯಾಟೆರನ್ ಮಹಾದೇವಾಲಯದ ಕಡೆಗೆ ಸಾಗುವ ಬೀದಿಯಲ್ಲಿ, ಎಸ್ಕ್ವಿಲೈನ್ ಮತ್ತು ಸೀಲಿಯನ್ ಗುಡ್ಡಗಳ ನಡುವಣ ತಗ್ಗಿನಲ್ಲಿ, ಸಾನ್ ಕ್ಲೆಮೆಂತೆ ಎಂಬ ಕ್ರೈಸ್ತ ದೇವಾಲಯವುಂಟು. ಹೊರನೋಟಕ್ಕೆ ಅದು ಭವ್ಯವಾದ ಕಟ್ಟಡವೇನೂ ಅಲ್ಲ. ಸಂತ ಪೀಟರನ ದೇವಾಲಯದ ವೈಭವವಾಗಲಿ, ಮಿಲಾನಿನ ಮಹಾದೇವಾಲಯದ ಶಿಖರಗಳ ಬೆಡಗಾಗಲಿ ಅದಕ್ಕಿಲ್ಲ. ಆದರೂ ವಾಸ್ತುಶಿಲ್ಪದ ಅಭ್ಯಾಸಿಗಳಿಗೂ ಭಾಷೆಯ ಅಭ್ಯಾಸಿಗಳಿಗೂ ಏಕಕಾಲದಲ್ಲಿ ಇಷ್ಟು ವಿಷಯವನ್ನು ಒದಗಿಸುವ ದೇವಾಲಯಗಳು ಯೂರೋಪಿನಲ್ಲಿ ವಿರಳ. ಅಲ್ಲಿ ಒಂದು ಕಟ್ಟಡದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಹೀಗೆ ಮೂರು ನೆಲೆಗಳು ಒಂದರ ಭಾರವನ್ನು ಒಂದು ಹೊತ್ತು ನಿಂತಿವೆ. ಅಷ್ಟೇ ಅಲ್ಲ, ಭಾಷೆಯ ಮೇಲೆ ಭಾಷೆ ಬೆಳೆದು ನಿಂತ ಬಗೆಯೂ ಅದೇ ಗೋಡೆಗಳ ಮೇಲೆ ಕಾಣುತ್ತದೆ.

ಈ ದೇವಾಲಯವು ಒಂದನೆಯ ಶತಮಾನದ ಕೊನೆಯಲ್ಲಿ ರೋಮಿನ ಕ್ರೈಸ್ತ ಸಮಾಜದ ಮುಖ್ಯಸ್ಥನಾಗಿದ್ದ ಸಂತ ಕ್ಲೆಮೆಂಟನ ಹೆಸರಿನದು. ಆತನು ಗ್ರೀಸಿನ ಕೊರಿಂತ್ ಪಟ್ಟಣದ ಕ್ರೈಸ್ತರಿಗೆ ಬರೆದನೆಂದು ಹೇಳಲಾಗುವ ಪತ್ರವೊಂದು ಉಳಿದು ಬಂದಿದೆ. ಆ ಪತ್ರವು ರೋಮಿನಿಂದ ಹೊರಟುದಾದರೂ ಲ್ಯಾಟಿನಿನಲ್ಲಿಲ್ಲ, ಗ್ರೀಕಿನಲ್ಲಿದೆ. ರೋಮಿನ ಮೊದಲ ಕ್ರೈಸ್ತರಲ್ಲಿ ಬಹುಮಂದಿ ಪೂರ್ವದ ನಾಡುಗಳಿಂದ ವಲಸೆ ಬಂದವರು. ಅವರ ಪ್ರಾರ್ಥನೆಯ ಭಾಷೆ ಗ್ರೀಕು. ಕಾಲಕ್ರಮದಲ್ಲಿ ಗ್ರೀಕು ಬಲ್ಲವರು ಕಡಿಮೆಯಾಗಿ, ನಾಲ್ಕನೆಯ ಶತಮಾನದ ವೇಳೆಗೆ ಪೂಜಾವಿಧಿಯು ಲ್ಯಾಟಿನಿಗೆ ತಿರುಗಿತು. ಮುಂದೆ ಸಾವಿರಕ್ಕೂ ಹೆಚ್ಚು ವರ್ಷ ದೇವಭಾಷೆಯೆನಿಸಿಕೊಂಡ ಲ್ಯಾಟಿನ್ ಆ ಗುಡಿಗೆ ಬಂದುದು ಜನರ ಆಡುಭಾಷೆಯಾಗಿಯೇ ಎಂಬುದನ್ನು ಮೊದಲಲ್ಲಿಯೇ ನೆನಪಿನಲ್ಲಿಡುವುದು ಒಳ್ಳೆಯದು.

ಇಂದು ನೆಲದ ಮಟ್ಟದಲ್ಲಿ ಕಾಣುವ ದೇವಾಲಯವನ್ನು ಹನ್ನೆರಡನೆಯ ಶತಮಾನದ ಆರಂಭದಲ್ಲಿ ಕಟ್ಟಿದರು. ಬಹುಕಾಲ ಜನರು ಇದನ್ನೇ ಸಂತ ಜೆರೋಮನು ಕ್ರಿ.ಶ. 392ರ ಸುಮಾರಿಗೆ ಉಲ್ಲೇಖಿಸಿದ ಪ್ರಾಚೀನ ದೇವಾಲಯವೆಂದು ನಂಬಿದ್ದರು. ಆ ನಂಬಿಕೆಯನ್ನು ಅಲುಗಿಸಿದವನು ಐರ್ಲೆಂಡಿನ ಡೊಮಿನಿಕನ್ ಪಂಥದ ಸಂನ್ಯಾಸಿ ಜೋಸೆಫ್ ಮುಲೂಲಿ. 1677ರಿಂದ ಈ ದೇವಾಲಯವು ಐರಿಷ್ ಡೊಮಿನಿಕನ್ನರ ವಶದಲ್ಲಿತ್ತು. ಸ್ವದೇಶದಲ್ಲಿ ತಮ್ಮ ಮತಕ್ಕೆ ನೆಲೆಯಿಲ್ಲದೆ ಹೊರಬಂದವರಿಗೆ ದೊರೆತ ಆಶ್ರಯವದು. ಮುಲೂಲಿಯು 1857ರಲ್ಲಿ ನೆಲವನ್ನು ಅಗೆಯಿಸಲು ತೊಡಗಿದಾಗ, ಕೆಳಗೆ ಮಣ್ಣು ಕಲ್ಲುಗಳಿಂದ ತುಂಬಿದ ಇನ್ನೊಂದು ದೇವಾಲಯವೇ ಗೋಚರವಾಯಿತು. ಜೆರೋಮನು ಹೇಳಿದ್ದು ಇದನ್ನು. ಶೋಧವು ಮುಂದುವರಿದಂತೆ ಅದರ ಕೆಳಗೂ ಪುರಾತನ ರೋಮಿನ ಮನೆಮಠಗಳು ಕಾಣಿಸಿಕೊಂಡವು. ಆದರೆ ತಳದಲ್ಲಿ ಅಂತರ್ಜಲವು ಉಕ್ಕಿ ನಿಂತುದರಿಂದ ಆ ಭಾಗವನ್ನು ಬಹುಕಾಲ ನೋಡುವಂತಿರಲಿಲ್ಲ. 1912ರಿಂದ 1914ರವರೆಗೆ ಲೂಯಿ ನೋಲನ್ ಎಂಬ ಡೊಮಿನಿಕನನ ಮೇಲ್ವಿಚಾರಣೆಯಲ್ಲಿ ಸುರಂಗವೊಂದನ್ನು ತೋಡಿ, ಆ ನೀರನ್ನು ಪ್ರಾಚೀನ ರೋಮಿನ ಮಹಾಚರಂಡಿಗೆ ಕೂಡಿಸಿದ ಮೇಲೆ ತಳವು ಒಣಗಿತು. ಇಂದಿಗೂ ಅಲ್ಲಿ ಇಳಿದವರಿಗೆ ಹರಿಯುವ ನೀರಿನ ಸದ್ದು ಕೇಳಿಸುತ್ತದೆ.

ಅತ್ಯಂತ ಕೆಳಗಿನ ನೆಲೆಯಲ್ಲಿ ಒಂದನೆಯ ಶತಮಾನದ ಎರಡು ಕಟ್ಟಡಗಳಿವೆ. ನಡುವೆ ಕಿರಿದಾದ ಓಣಿ. ಒಂದು ಕಟ್ಟಡದ ಗೋಡೆಗಳು ಟೂಫಾ ಎಂಬ ಜ್ವಾಲಾಮುಖಿಯ ಮೆದುಶಿಲೆಯ ದೊಡ್ಡ ದಿಮ್ಮಿಗಳವು. ಅದು ಉಗ್ರಾಣವೋ ಟಂಕಸಾಲೆಯೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಇನ್ನೊಂದು ಇಟ್ಟಿಗೆಯ ವಾಸದ ಮನೆ. ಈ ಮನೆಯ ಅಂಗಳವನ್ನು ಎರಡನೆಯ ಶತಮಾನದ ಕೊನೆಗೋ ಮೂರನೆಯದರ ಆದಿಗೋ ಮಿತ್ರಾಸ್ ದೇವತೆಯ ಗುಹಾಲಯವನ್ನಾಗಿ ಮಾರ್ಪಡಿಸಿದರು. ಕಮಾನಿನ ಮಾಡು, ಎರಡು ಬದಿಗೂ ಭಕ್ತರು ಒರಗಿ ಕುಳಿತು ಸಹಭೋಜನ ಮಾಡುವುದಕ್ಕೆ ಕಲ್ಲಿನ ಜಗಲಿ, ನಡುವೆ ಬಲಿಪೀಠ. ಪೀಠದ ಮೇಲೆ ಮಿತ್ರಾಸನು ಗೂಳಿಯನ್ನು ವಧಿಸುವ ಉಬ್ಬುಶಿಲ್ಪ. ಸೈನಿಕರಲ್ಲಿಯೂ ವರ್ತಕರಲ್ಲಿಯೂ ಹರಡಿದ್ದ ಈ ಆರಾಧನೆಯ ದೇವತೆಯ ಹೆಸರು ಇರಾನಿನ ಮಿಥ್ರ, ವೇದಗಳ ಮಿತ್ರ ಎಂಬ ಹೆಸರುಗಳಿಗೆ ಜ್ಞಾತಿಯಾದುದು. ಆದರೆ ರೋಮಿನಲ್ಲಿ ನಡೆಯುತ್ತಿದ್ದ ಆರಾಧನೆಯು ಬಹುಮಟ್ಟಿಗೆ ಅಲ್ಲಿಯೇ ರೂಪುಗೊಂಡುದೆಂದು ಈಗಿನ ವಿದ್ವಾಂಸರು ಹಲವರು ತಿಳಿಯುತ್ತಾರೆ. ಹೆಸರು ಪೂರ್ವದಿಂದ ಬಂತು, ಆಚರಣೆ ಹೊಸ ಊರಿನಲ್ಲಿ ಬೆಳೆಯಿತು.

ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತರು ಟೂಫಾ ಕಟ್ಟಡದೊಳಗೆ ಮಣ್ಣು ತುಂಬಿಸಿ, ಅದರ ಗೋಡೆಗಳನ್ನೇ ಅಡಿಪಾಯವನ್ನಾಗಿ ಮಾಡಿಕೊಂಡು ದೇವಾಲಯವನ್ನು ಎಬ್ಬಿಸಿದರು. ಅದರ ತಳವಿನ್ಯಾಸವು ಬಸಿಲಿಕ ಮಾದರಿಯದು: ಅಗಲವಾದ ನಡುಅಂಕಣ, ಕಂಬಸಾಲುಗಳಾಚೆ ಎರಡು ಪಕ್ಕದ ಅಂಕಣಗಳು, ಕೊನೆಯಲ್ಲಿ ಪೂಜಾಪೀಠದ ಹಿಂದೆ ಅರ್ಧವೃತ್ತಾಕಾರದ ಗೂಡು. ಈ ಗೂಡಿಗೆ ಸ್ಥಳ ಸಾಲದೆ, ಅದು ಓಣಿಯನ್ನು ದಾಟಿ ಮಿತ್ರಾಸನ ಗುಹಾಲಯವಿದ್ದ ಮನೆಯ ಮೇಲೆಯೇ ಚಾಚಿಕೊಂಡಿತು. ಮೇಲೆ ಹೊಸ ಪೂಜೆ ನಡೆದಾಗ ಕೆಳಗಿನ ಹಳೆಯ ಬಲಿಪೀಠವು ಮಣ್ಣಿನಲ್ಲಿ ಹುಗಿದುಹೋಗಿತ್ತು. ಅದು ಹಾಗೆ ಹುಗಿದುದರಿಂದಲೇ ಇಂದು ನೋಡುವುದಕ್ಕೆ ಉಳಿದಿದೆ.

ಈ ಕೆಳಗಿನ ದೇವಾಲಯವು ಸುಮಾರು ಏಳುನೂರು ವರ್ಷ ಬಳಕೆಯಲ್ಲಿತ್ತು. ಅದರ ಗೋಡೆಗಳ ಮೇಲೆ ಬೇರೆ ಬೇರೆ ಶತಮಾನಗಳ ಭಿತ್ತಿಚಿತ್ರಗಳಿವೆ. ಕ್ರಿಸ್ತನ ಸ್ವರ್ಗಾರೋಹಣದ ಒಂದು ಚಿತ್ರದ ಅಂಚಿನಲ್ಲಿ ನಾಲ್ಕನೆಯ ಲಿಯೊ ಪೋಪನು ನಿಂತಿದ್ದಾನೆ. ಆತನ ತಲೆಯ ಹಿಂದಿರುವ ಪ್ರಭಾವಲಯವು ಗುಂಡಾಗಿಲ್ಲ, ಚೌಕವಾಗಿದೆ. ಚಿತ್ರವನ್ನು ಬರೆಯುವಾಗ ಜೀವಂತನಾಗಿದ್ದವನಿಗೆ ಚೌಕದ ಪ್ರಭೆಯನ್ನಿಡುವುದು ಅಂದಿನ ಚಿತ್ರಕಾರರ ಸಂಪ್ರದಾಯ. ಲಿಯೊ 847ರಿಂದ 855ರವರೆಗೆ ಪೋಪನಾಗಿದ್ದುದರಿಂದ ಚಿತ್ರದ ಕಾಲವು ಇದರಿಂದಲೇ ತಿಳಿಯುತ್ತದೆ.

ಇದಾದ ಕೆಲವೇ ವರ್ಷಗಳಲ್ಲಿ ಈ ದೇವಾಲಯದ ಚರಿತ್ರೆಯಲ್ಲಿ ಮುಖ್ಯವಾದ ಘಟನೆಯೊಂದು ನಡೆಯಿತು. ಥೆಸಲೊನೀಕಿಯಲ್ಲಿ ಹುಟ್ಟಿದ ಕಾನ್‌ಸ್ಟಂಟೈನ್ ಮತ್ತು ಮೆಥೋಡಿಯಸ್ ಎಂಬ ಸೋದರರು ಮೊರಾವಿಯದ ಸ್ಲಾವ್ ಜನರಲ್ಲಿ ಮತಬೋಧನೆಗೆ ಹೋಗಿದ್ದರು. ಸ್ಲಾವ್ ನುಡಿಗೆ ಆಗ ಲಿಪಿಯಿರಲಿಲ್ಲ. ಕಾನ್‌ಸ್ಟಂಟೈನನು ಅದಕ್ಕಾಗಿ ಗ್ಲಗೊಲಿಟಿಕ್ ಎಂಬ ಲಿಪಿಯನ್ನು ರಚಿಸಿ, ಪೂಜಾಗ್ರಂಥಗಳನ್ನು ಆ ನುಡಿಗೆ ಅನುವಾದಿಸಿದನು. ದೇವರನ್ನು ಸ್ತುತಿಸಲು ಹೀಬ್ರೂ, ಗ್ರೀಕು, ಲ್ಯಾಟಿನ್ ಈ ಮೂರೇ ಅರ್ಹವಾದ ಭಾಷೆಗಳೆಂದು ವಾದಿಸುವವರು ಅಂದು ಪ್ರಬಲರಾಗಿದ್ದರು. ವೆನಿಸಿನಲ್ಲಿ ಕಾನ್‌ಸ್ಟಂಟೈನನು ಅವರನ್ನು ಎದುರಿಸಿ ವಾದಿಸಬೇಕಾಯಿತೆಂದು ಆತನ ಚರಿತೆಯು ಹೇಳುತ್ತದೆ. ಸೋದರರು ರೋಮಿಗೆ ಬಂದಾಗ, ಕಪ್ಪುಸಮುದ್ರದ ತೀರದ ಖೆರ್ಸೊನ್ ಪಟ್ಟಣದಲ್ಲಿ ದೊರೆತ, ಸಂತ ಕ್ಲೆಮೆಂಟನವೆಂದು ನಂಬಲಾದ ಅವಶೇಷಗಳನ್ನು ತಂದಿದ್ದರು. ಎರಡನೆಯ ಏಡ್ರಿಯನ್ ಪೋಪನು ಅವರನ್ನು ಗೌರವದಿಂದ ಬರಮಾಡಿಕೊಂಡು ಸ್ಲಾವ್ ನುಡಿಯ ಗ್ರಂಥಗಳಿಗೆ ಒಪ್ಪಿಗೆಯಿತ್ತನು. ಕಾನ್‌ಸ್ಟಂಟೈನನು ರೋಮಿನಲ್ಲಿಯೇ ಕಾಯಿಲೆ ಬಿದ್ದು, ಸಂನ್ಯಾಸವನ್ನು ಸ್ವೀಕರಿಸಿ ಸಿರಿಲ್ ಎಂಬ ಹೆಸರನ್ನು ಪಡೆದು, 869ರ ಫೆಬ್ರವರಿ 14ರಂದು ತನ್ನ ನಲವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನನ್ನು ಸಮಾಧಿ ಮಾಡಿದುದು ಸಾನ್ ಕ್ಲೆಮೆಂತೆಯಲ್ಲಿ. ಇಂದು ಸಿರಿಲಿಕ್ ಎನ್ನಲಾಗುವ ಲಿಪಿಯು ಆತನ ಹೆಸರನ್ನು ಹೊತ್ತಿದ್ದರೂ ಅದನ್ನು ರೂಪಿಸಿದವರು ಅವನ ನಂತರದ ಪರಂಪರೆಯವರು.

ಆ ಒಪ್ಪಿಗೆಯು ಬಹುಕಾಲ ಬಾಳಲಿಲ್ಲ. 885ರಲ್ಲಿ ಮತ್ತೊಬ್ಬ ಪೋಪನು ಮೊರಾವಿಯದಲ್ಲಿ ಸ್ಲಾವ್ ನುಡಿಯ ಪೂಜೆಯನ್ನು ನಿಷೇಧಿಸಿದನು. ಆದರೂ ಸಿರಿಲನ ಸಮಾಧಿಯಿದ್ದ ದೇವಾಲಯದ ಗೋಡೆಯ ಮೇಲೆಯೇ, ಎರಡು ಶತಮಾನಗಳ ತರುವಾಯ, ಇನ್ನೊಂದು ಆಡುನುಡಿಯು ಯಾರ ಒಪ್ಪಿಗೆಯನ್ನೂ ಕೇಳದೆ ಕಾಣಿಸಿಕೊಂಡಿತು.

ಹನ್ನೊಂದನೆಯ ಶತಮಾನದ ಕೊನೆಯ ಭಾಗದಲ್ಲಿ ಬೇನೊ ದೆ ರಪೀಜ ಎಂಬ ಗೃಹಸ್ಥನೂ ಅವನ ಹೆಂಡತಿ ಮರಿಯಳೂ ಈ ದೇವಾಲಯಕ್ಕೆ ಕೆಲವು ಭಿತ್ತಿಚಿತ್ರಗಳನ್ನು ಬರೆಯಿಸಿಕೊಟ್ಟರು. ಅವರ ಆಕೃತಿಗಳು ಹೆಸರುಸಹಿತ ಚಿತ್ರಗಳಲ್ಲಿವೆ. ಒಂದರಲ್ಲಿ ಅವರ ಮಕ್ಕಳೂ ಇದ್ದಾರೆ, ಪುಟ್ಟ ಮಗನ ಹೆಸರು ಕ್ಲೆಮೆಂಟ್. ಈ ಚಿತ್ರಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಸಿಸಿನ್ನಿಯಸನ ಕಥೆ. ಸಿಸಿನ್ನಿಯಸನು ರೋಮಿನ ಒಬ್ಬ ಅಧಿಕಾರಿ. ಅವನ ಹೆಂಡತಿ ಥಿಯೊಡೋರ ಕ್ರೈಸ್ತಳಾಗಿ ಕ್ಲೆಮೆಂಟನ ಪೂಜೆಗೆ ಹೋಗುತ್ತಿದ್ದಳು. ಸಂಶಯಗೊಂಡ ಗಂಡನು ಗುಟ್ಟಾಗಿ ಹಿಂಬಾಲಿಸಿ ಬಂದು, ದೈವಶಿಕ್ಷೆಯಿಂದ ಕುರುಡನೂ ಕಿವುಡನೂ ಆದನು. ಸಂತನು ಅವನನ್ನು ಗುಣಪಡಿಸಿದರೂ ಅವನ ಸಿಟ್ಟು ಇಳಿಯಲಿಲ್ಲ. ಕ್ಲೆಮೆಂಟನನ್ನು ಕಟ್ಟಿ ಎಳೆದು ತರುವಂತೆ ಆಳುಗಳಿಗೆ ಅಪ್ಪಣೆಮಾಡಿದನು. ಆಳುಗಳಿಗೆ ಭ್ರಾಂತಿಯುಂಟಾಗಿ, ಒಂದು ಕಲ್ಲುಕಂಬವನ್ನೇ ಸಂತನೆಂದು ತಿಳಿದು ಹಗ್ಗ ಕಟ್ಟಿ ಎಳೆಯತೊಡಗಿದರು.

ಚಿತ್ರವು ಮೂರು ಪಟ್ಟಿಕೆಗಳಲ್ಲಿದೆ. ಮೇಲಿನದರಲ್ಲಿ ಕ್ಲೆಮೆಂಟನ ಪಟ್ಟಾಭಿಷೇಕ; ಆದರೆ ಹನ್ನೆರಡನೆಯ ಶತಮಾನದಲ್ಲಿ ಮೇಲಣ ದೇವಾಲಯದ ನೆಲವನ್ನು ಹಾಕುವಾಗ ಆ ಪಟ್ಟಿಕೆಯನ್ನು ಕತ್ತರಿಸಿದ್ದರಿಂದ ಆಕೃತಿಗಳ ತಲೆಗಳು ಹೋಗಿವೆ. ನಡುವಣ ಪಟ್ಟಿಕೆಯಲ್ಲಿ ಸಂತನು ಪೂಜೆ ನಡೆಸುತ್ತಿರುವುದು, ಕುರುಡಾದ ಸಿಸಿನ್ನಿಯಸನನ್ನು ಆಳುಗಳು ಕೈಹಿಡಿದು ನಡೆಸಿಕೊಂಡು ಹೋಗುತ್ತಿರುವುದು. ಇಲ್ಲಿಯ ಬರಹವೆಲ್ಲ ಲ್ಯಾಟಿನ್. ಕೆಳಗಿನ ಕಿರಿದಾದ ಪಟ್ಟಿಕೆಯಲ್ಲಿ ಕಂಬವನ್ನೆಳೆಯುವ ಪ್ರಸಂಗ. ಗೋಸ್ಮರಿ, ಅಲ್ಬರ್ತೆಲ್, ಕರ್ವೊಂಚೆಲ್ಲೆ ಎಂಬ ಮೂವರು ಆಳುಗಳು ಬೆವರಿಳಿಸುತ್ತಿದ್ದಾರೆ; ಯಜಮಾನನು ಕೈಚಾಚಿ ನಿಂತು ಗದರಿಸುತ್ತಿದ್ದಾನೆ. ಅವರ ಮಾತುಗಳನ್ನು ಆಕೃತಿಗಳ ಪಕ್ಕದಲ್ಲಿಯೇ ಬರೆದಿದೆ. ಆ ಮಾತು ಲ್ಯಾಟಿನಲ್ಲ, ಅಂದಿನ ರೋಮಿನ ಬೀದಿಯ ಆಡುನುಡಿ. ಯಜಮಾನನು ಆಳುಗಳ ತಾಯಂದಿರನ್ನು ಹೀನಾಯವಾಗಿ ಬೈದು ಎಳೆಯಿರೆನ್ನುತ್ತಾನೆ. ಹಿಂದಿನಿಂದ ಗಳು ಹಾಕಿ ಮೀಟು ಎಂದು ಕರ್ವೊಂಚೆಲ್ಲೆಗೆ ಅಪ್ಪಣೆಯಾಗುತ್ತದೆ. ಸಂತನು ಈ ಪಟ್ಟಿಕೆಯಲ್ಲಿ ಕಾಣುವುದಿಲ್ಲ; ಆತನ ಮಾತೊಂದು ಮಾತ್ರ ನಡುವೆ ಲ್ಯಾಟಿನಿನಲ್ಲಿದೆ. ನಿಮ್ಮ ಹೃದಯದ ಕಾಠಿನ್ಯಕ್ಕೆ ಕಲ್ಲನ್ನೆಳೆಯುವುದೇ ತಕ್ಕುದಾಯಿತೆಂಬುದು ಅದರ ಭಾವ.

ಗುಡಿಯ ಗೋಡೆಯ ಮೇಲೆ ಬೈಗುಳವೇಕೆ ಎಂದು ಅಚ್ಚರಿಯಾಗಬಹುದು. ಚಿತ್ರಕಾರನ ಉದ್ದೇಶವು ಸ್ಪಷ್ಟ. ಸಂತನ ಬಾಯಲ್ಲಿ ಲ್ಯಾಟಿನನ್ನಿಟ್ಟು, ದುಷ್ಟರ ಬಾಯಲ್ಲಿ ಬೀದಿಮಾತನ್ನಿಟ್ಟು, ಉಚ್ಚನೀಚಗಳ ಭೇದವನ್ನು ಭಾಷೆಯಿಂದಲೇ ತೋರಿಸಿದ್ದಾನೆ. ಸಂಸ್ಕೃತ ನಾಟಕಗಳಲ್ಲಿ ರಾಜನು ಸಂಸ್ಕೃತವನ್ನೂ ಸೇವಕರು ಪ್ರಾಕೃತವನ್ನೂ ಆಡುವುದನ್ನು ಬಲ್ಲವರಿಗೆ ಈ ಕ್ರಮವು ಹೊಸದೆನಿಸದು. ಆದರೆ ಫಲವು ಉದ್ದೇಶವನ್ನು ಮೀರಿ ನಡೆಯಿತು. ಆಳುಗಳ ಮಾತಿನಲ್ಲಿ ಜೀವವಿದೆ, ಓಟವಿದೆ. ಲ್ಯಾಟಿನಿನಲ್ಲಿಲ್ಲದ ನಿರ್ದೇಶಕ ಪದಗಳು, ಮುಂದಿನ ಇಟಾಲಿಯನ್ ಭಾಷೆಯ ಮುಖ್ಯ ಲಕ್ಷಣವಾದ ‘ಲೊ’, ‘ಲೆ’ ಮೊದಲಾದವು, ಅದರಲ್ಲಾಗಲೇ ಮೂಡಿವೆ. ಸಂತನ ಲ್ಯಾಟಿನ್ ವಾಕ್ಯದಲ್ಲಾದರೋ ವಿಭಕ್ತಿಗಳು ವ್ಯಾಕರಣಕ್ಕೆ ಹೊಂದುವುದಿಲ್ಲ. ಗೋಡೆಯ ಮೇಲೆ ಬರೆದವನಿಗೆ ದೇವಭಾಷೆಯು ಕೈತಪ್ಪುತ್ತಿತ್ತು, ತಾಯಿನುಡಿಯು ಕೈಗೂಡಿತ್ತು. ಹಾಸ್ಯಕ್ಕೆಂದು ಕೆಳಗಿನ ಪಟ್ಟಿಕೆಗೆ ತಳ್ಳಿದ ನುಡಿಯೇ ಚಿತ್ರದಲ್ಲಿ ಅತ್ಯಂತ ಸಮರ್ಥವಾಗಿ ಮಾತನಾಡುತ್ತಿದೆ.

ಇಟಲಿಯ ಆಡುನುಡಿಯ ಆದಿಮ ದಾಖಲೆಗಳಲ್ಲಿ ಇದಕ್ಕೆ ಮೊದಲಿನದೂ ಒಂದು ಪ್ರಸಿದ್ಧವಾಗಿದೆ. 960ರಲ್ಲಿ ಕಾಪುವದ ನ್ಯಾಯಾಧೀಶನ ಮುಂದೆ ಮೊಂತೆ ಕಸ್ಸಿನೊ ಮಠದ ಜಮೀನಿನ ವ್ಯಾಜ್ಯ ನಡೆದಾಗ, ತೀರ್ಪಿನ ಪತ್ರವನ್ನು ಲ್ಯಾಟಿನಿನಲ್ಲಿ ಬರೆದು, ಎಲ್ಲೆಯನ್ನು ಕುರಿತ ಸಾಕ್ಷಿಗಳ ಪ್ರಮಾಣವಚನವನ್ನು ಮಾತ್ರ ಅವರಾಡಿದ ನುಡಿಯಲ್ಲಿಯೇ ದಾಖಲೆಮಾಡಿದರು. ಕರ್ಣಾಟಕದ ಅನೇಕ ತಾಮ್ರಶಾಸನಗಳಲ್ಲಿ ರಾಜಪ್ರಶಸ್ತಿಯು ಸಂಸ್ಕೃತದಲ್ಲಿದ್ದು, ದಾನದ ಭೂಮಿಯ ಎಲ್ಲೆಕಟ್ಟಿನ ವಿವರವು ಕನ್ನಡಕ್ಕಿಳಿಯುವುದು ಇದೇ ಕಾರಣದಿಂದ. ಹೊಗಳಿಕೆಯನ್ನು ಯಾವ ಭಾಷೆಯಲ್ಲಿಯಾದರೂ ಹೇಳಬಹುದು. ಹೊಲದ ಮೇರೆಯನ್ನು ಮಾತ್ರ ಅದನ್ನು ಉಳುವವನ ನುಡಿಯಲ್ಲಿ ಹೇಳಬೇಕು. ಕಾಪುವದಲ್ಲಿ ವ್ಯವಹಾರದ ಅಗತ್ಯವು ಆಡುನುಡಿಯನ್ನು ಬರವಣಿಗೆಗೆ ತಂದಿತು. ಸಾನ್ ಕ್ಲೆಮೆಂತೆಯಲ್ಲಿ ಅದನ್ನು ತಂದುದು ಕಥೆ ಹೇಳುವ ಸಂತೋಷ. ಮೂರು ಪಾತ್ರಗಳು ನಾಟಕದಲ್ಲಿಯಂತೆ ಮಾತನಾಡುವ ಈ ಪಟ್ಟಿಕೆಯಿಂದ ದಾಂತೆಯವರೆಗೆ ಇನ್ನೂರು ವರ್ಷಗಳ ದಾರಿ.

ಈ ಚಿತ್ರವನ್ನು ಬರೆದು ಬಹಳ ಕಾಲವಾಗುವ ಮೊದಲೇ ಕೆಳಗಿನ ದೇವಾಲಯವನ್ನು ಕೈಬಿಟ್ಟರು. 1084ರಲ್ಲಿ ರಾಬರ್ಟ್ ಗಿಸ್ಕಾರ್ಡನ ನಾರ್ಮನ್ ಸೇನೆಯು ಈ ಭಾಗವನ್ನು ಸುಟ್ಟುದೇ ಕಾರಣವೆಂದು ಹಿಂದೆ ಹೇಳುತ್ತಿದ್ದರು. ಆದರೆ ಇಲ್ಲಿ ಬೆಂಕಿಯ ನಾಶಕ್ಕಿಂತ ಯೋಚಿಸಿ ಮಾಡಿದ ಕೆಲಸದ ಗುರುತುಗಳೇ ಹೆಚ್ಚು. ಸುತ್ತಣ ಬೀದಿಯ ಮಟ್ಟವು ಏರಿ ದೇವಾಲಯವು ಹಳ್ಳದಲ್ಲಿದ್ದಂತಾಗಿತ್ತು. ಕಂಬಗಳ ನಡುವೆ ಆಧಾರದ ಗೋಡೆಗಳನ್ನು ಕಟ್ಟಬೇಕಾದಷ್ಟು ಕಟ್ಟಡವು ಬಲಗುಂದಿತ್ತು. ಇಲ್ಲಿಯ ಕಾರ್ಡಿನಲನಾಗಿದ್ದ ರೈನೇರಿಯಸನು 1099ರಲ್ಲಿ ಇದೇ ದೇವಾಲಯದಲ್ಲಿ ಎರಡನೆಯ ಪಾಸ್ಕಲ್ ಎಂಬ ಹೆಸರಿನಿಂದ ಪೋಪನಾಗಿ ಚುನಾಯಿತನಾದನು. ಅವನ ತರುವಾಯ ಕಾರ್ಡಿನಲನಾದ ಅನಸ್ತಾಸಿಯಸನ ಕಾಲದಲ್ಲಿ ಹಳೆಯ ದೇವಾಲಯದೊಳಗೆ ಕಲ್ಲು ಮಣ್ಣು ತುಂಬಿ, ಅದರ ಮೇಲೆ ಹೊಸದನ್ನು ಕಟ್ಟಿದರು. ಹೊಸದು ಹಳೆಯದಕ್ಕಿಂತ ಕಿರಿದು. ಮೇಲಿನ ಒಂದು ಕಂಬಸಾಲನ್ನು ಹೊರಲು ಕೆಳಗಿನ ನಡುಅಂಕಣದಲ್ಲಿ ಹೊಸ ಗೋಡೆಯನ್ನೆಬ್ಬಿಸಿದ್ದಾರೆ.

ಹಳೆಯದನ್ನು ಹೂಳಿದವರು ಅದನ್ನು ತೊರೆದವರಲ್ಲ ಎಂಬುದಕ್ಕೆ ಮೇಲಿನ ದೇವಾಲಯವೇ ಸಾಕ್ಷಿ. ನಡುಅಂಕಣದಲ್ಲಿ ಗಾಯಕರ ಮೇಳಕ್ಕೆಂದು ಅಮೃತಶಿಲೆಯ ಫಲಕಗಳಿಂದ ಮಾಡಿದ ಆವರಣವಿದೆ. ಆ ಫಲಕಗಳಲ್ಲಿ ಬಹುಪಾಲು ಆರನೆಯ ಶತಮಾನದವು. ಕೆಳಗಿನ ದೇವಾಲಯದಿಂದ ಬಿಚ್ಚಿ ತಂದು ಮೇಲೆ ಜೋಡಿಸಿದವು. ಅವುಗಳ ಮೇಲೆ ಎರಡನೆಯ ಜಾನ್ ಪೋಪನ ನಾಮಮುದ್ರೆಯಿದೆ. ಈತನ ಮೊದಲ ಹೆಸರು ಮರ್ಕ್ಯೂರಿಯಸ್. ಈ ದೇವಾಲಯದ ಪಾದ್ರಿಯಾಗಿದ್ದವನು. 533ರಲ್ಲಿ ಪೋಪನಾದಾಗ ಹಳೆಯ ರೋಮಿನ ದೇವತೆಯೊಂದರ ಹೆಸರು ಆ ಪದವಿಗೆ ಸಲ್ಲದೆಂದು ಹೆಸರನ್ನು ಬದಲಿಸಿಕೊಂಡನು. ಆ ಪೀಠವನ್ನೇರುವಾಗ ಹೊಸ ಹೆಸರನ್ನು ಧರಿಸಿದವರಲ್ಲಿ ಇವನೇ ಮೊದಲಿಗನು.

ಪೂಜಾಪೀಠದ ಹಿಂದಣ ಗೂಡಿನ ಅರ್ಧಗುಮ್ಮಟವನ್ನು ಮೊಸಾಯಿಕ್ ಚಿತ್ರವು ತುಂಬಿದೆ. ಬಣ್ಣದ ಗಾಜಿನ ಮತ್ತು ಕಲ್ಲಿನ ಸಣ್ಣ ಹರಳುಗಳನ್ನು ಹಸಿ ಗಾರೆಯಲ್ಲಿ ಒತ್ತಿ ಮಾಡಿದ ಈ ಚಿತ್ರವು ಹನ್ನೆರಡನೆಯ ಶತಮಾನದ ರೋಮಿನ ಶ್ರೇಷ್ಠ ಕೃತಿಗಳಲ್ಲೊಂದು. ಹೊನ್ನಿನ ಹಿನ್ನೆಲೆಯ ನಡುವೆ ಶಿಲುಬೆ. ಅದರ ಮೇಲೆ ಕ್ರಿಸ್ತನ ಸುತ್ತ ಹನ್ನೆರಡು ಬಿಳಿಯ ಪಾರಿವಾಳಗಳು. ಎರಡು ಪಕ್ಕದಲ್ಲಿ ಮೇರಿ ಮತ್ತು ಯೋಹಾನ. ಶಿಲುಬೆಯ ಬುಡದಲ್ಲಿ ಎಲೆಗಿಡವೊಂದು ಮೊಳೆತು, ಅದರಿಂದ ಹೊರಟ ಬಳ್ಳಿಯು ಸುರುಳಿ ಸುರುಳಿಯಾಗಿ ಹಬ್ಬಿ ಗುಮ್ಮಟವನ್ನೆಲ್ಲ ಆವರಿಸಿದೆ. ಬುಡದಿಂದ ಹರಿಯುವ ನಾಲ್ಕು ತೊರೆಗಳಲ್ಲಿ ಜಿಂಕೆಗಳು ನೀರು ಕುಡಿಯುತ್ತವೆ. ಬಳ್ಳಿಯ ಸುರುಳಿಗಳ ನಡುವೆ ಆಗಸ್ಟೀನ್, ಜೆರೋಮ್, ಗ್ರೆಗೊರಿ, ಆಂಬ್ರೋಸ್ ಎಂಬ ನಾಲ್ವರು ಲ್ಯಾಟಿನ್ ಆಚಾರ್ಯರು ಕುಳಿತಿದ್ದಾರೆ. ಅವರ ಆಸುಪಾಸಿನಲ್ಲಿಯೇ ಕೋಳಿಗಳಿಗೆ ಕಾಳು ಹಾಕುವ ಹೆಂಗಸಿದ್ದಾಳೆ, ಮಂದೆ ಕಾಯುವ ಕುರುಬರಿದ್ದಾರೆ. ಧರ್ಮಸಭೆಯನ್ನು ದ್ರಾಕ್ಷಿಯ ಬಳ್ಳಿಗೆ ಹೋಲಿಸಿ, ಶಿಲುಬೆಯಿಂದ ಅದು ಹಸುರಾಯಿತೆಂದು ಕೆಳಗಿನ ಲ್ಯಾಟಿನ್ ಬರಹವು ಹೇಳುತ್ತದೆ. ಅದೇ ಬಳ್ಳಿಯ ಸುರುಳಿಯೊಳಗೆ ಆಚಾರ್ಯನಿಗೂ ಕೋಳಿ ಸಾಕುವವಳಿಗೂ ಎಡೆಯುಂಟೆಂಬುದು ಚಿತ್ರಕಾರನ ವ್ಯಾಖ್ಯಾನ. ಚಿತ್ರದ ಶೈಲಿಯು ನಾಲ್ಕೈದನೆಯ ಶತಮಾನಗಳ ಅಲಂಕಾರಕ್ಕೆ ಹತ್ತಿರವಾಗಿದೆ. ಕೆಳಗೆ ಹೂತುಹೋದ ಗೂಡಿನಲ್ಲಿದ್ದ ಮೊಸಾಯಿಕಿನ ನೆನಪೇ ಇಲ್ಲಿ ಮರುಹುಟ್ಟಿದೆಯೆಂದು ಕೆಲವರು ಊಹಿಸುತ್ತಾರೆ.

ಮುಂದಿನ ಶತಮಾನಗಳೂ ತಮ್ಮ ಪಾಲನ್ನು ಸೇರಿಸಿವೆ. ಸುಮಾರು 1430ರಲ್ಲಿ ಕಾರ್ಡಿನಲ್ ಬ್ರಾಂದ ದ ಕಸ್ತಿಲ್ಯೋನೆಗಾಗಿ ಮಸೋಲಿನೊ ಎಂಬ ಚಿತ್ರಕಾರನು ಸಂತ ಕ್ಯಾಥರೀನಳ ಚರಿತ್ರೆಯನ್ನು ಬಾಗಿಲ ಬಳಿಯ ಉಪಗುಡಿಯಲ್ಲಿ ಬರೆದನು. ದೂರ ಹತ್ತಿರಗಳನ್ನು ಗಣಿತದ ಕ್ರಮದಿಂದ ತೋರಿಸುವ ಹೊಸ ಕಲೆಯು ಅಲ್ಲಿ ಕಾಣುತ್ತದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕಾರ್ಲೊ ಸ್ತೆಫಾನೊ ಫೊಂತಾನನು ಚಿನ್ನದ ಬಣ್ಣದ ಚಾವಣಿಯನ್ನೂ ಈಗಿನ ಮುಂಭಾಗವನ್ನೂ ರಚಿಸಿದನು.

ಕೆಳಗಿನ ಭಿತ್ತಿಚಿತ್ರಗಳಿಗೆ ಶೋಧವು ವರವೂ ಆಯಿತು, ಆಪತ್ತೂ ಆಯಿತು. ಎಂಟು ಶತಮಾನ ಮಣ್ಣಿನಲ್ಲಿ ಕಾಪಾಡಿಕೊಂಡಿದ್ದ ಬಣ್ಣವು ಗಾಳಿ ತೇವಗಳು ತಗುಲಿದ ಮೇಲೆ ಮಾಸತೊಡಗಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡಿಸಿದ ಪ್ರತಿಗಳ ನೆರವಿಲ್ಲದೆ ಇಂದು ಕೆಲವು ಭಾಗಗಳನ್ನು ಓದುವುದು ಕಷ್ಟ. ಬೆಳಕಿಗೆ ತಂದುದನ್ನು ಕಾಯುವ ಹೊಣೆಯೂ ತಂದವರ ಮೇಲಿರುತ್ತದೆ.

ಸಿರಿಲನ ಅವಶೇಷಗಳು ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಫ್ರೆಂಚರು ರೋಮನ್ನು ಆಕ್ರಮಿಸಿದ ಗಲಭೆಯಲ್ಲಿ, ಕಾಣೆಯಾದವು. ಅವುಗಳ ಒಂದು ತುಣುಕನ್ನು ಡೊಮಿನಿಕನ್ ವಿದ್ವಾಂಸ ಲಿಯೊನಾರ್ಡ್ ಬಾಯ್ಲನು ಪತ್ತೆಹಚ್ಚಿದನು. 1963ರ ನವೆಂಬರಿನಲ್ಲಿ ಆರನೆಯ ಪಾಲ್ ಪೋಪನು ಅದನ್ನು ಈ ದೇವಾಲಯಕ್ಕೆ ಮರಳಿ ಒಪ್ಪಿಸಿದನು. ಅದೇ ವರ್ಷ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯಲ್ಲಿ ಜನರ ನುಡಿಗಳಿಗೆ ಅವಕಾಶವಿತ್ತಿತು. ಸಿರಿಲನು ವಾದಿಸಿದ ಮಾತು ನಿಯಮವಾಗಿ ಬರುವುದಕ್ಕೆ ಹನ್ನೊಂದು ಶತಮಾನ ಬೇಕಾಯಿತು.

ಕೆಳಗಿನ ದೇವಾಲಯದಲ್ಲಿ ಆತನ ಸಮಾಧಿಯಿದ್ದಿತೆನ್ನುವ ಎಡೆಯ ಗೋಡೆಯಲ್ಲಿ ಇಂದು ಸ್ಲಾವ್ ನಾಡುಗಳವರು ತಂತಮ್ಮ ನುಡಿಯಲ್ಲಿ ಕೃತಜ್ಞತೆಯನ್ನು ಬರೆಯಿಸಿ ನಿಲ್ಲಿಸಿದ ಫಲಕಗಳಿವೆ. ಅಲ್ಲಿಂದ ಕೆಲವೇ ಹೆಜ್ಜೆಗಳಾಚೆ ಗೋಸ್ಮರಿಯೂ ಅಲ್ಬರ್ತೆಲನೂ ಒಂಬೈನೂರು ವರ್ಷಗಳಿಂದ ಕಂಬವನ್ನೆಳೆಯುತ್ತಿದ್ದಾರೆ. ಒಂದು ಕಡೆ ತಾಯಿನಾಡಿನಿಂದ ದೂರದಲ್ಲಿ ಮಡಿದು, ಪರರ ನುಡಿಗೆ ಅಕ್ಷರವನ್ನು ಕೊಟ್ಟವನ ಸ್ಮರಣೆ; ಇನ್ನೊಂದು ಕಡೆ ಅಕ್ಷರಕ್ಕೆ ಅರ್ಹವಲ್ಲವೆಂದು ಎಣಿಸಿದ ನುಡಿಯ ಮೊದಲ ಕೂಗು. ಎರಡರ ಭಾರವನ್ನೂ ಹೊತ್ತಿರುವ ಗೋಡೆಗಳ ಮೇಲೆಯೇ ಮೇಲಣ ಗುಮ್ಮಟದ ಹೊನ್ನಿನ ಬಳ್ಳಿಯು ಹಬ್ಬಿ ನಿಂತಿದೆ.